ಮಾವನ ವಿಮಾನ, ಅತ್ತೆಯ ಉಗುರು

ನನ್ನ ಸೋದರಮಾವನಿಗೆ ಹುಚ್ಚು ಹಿಡಿದಿದೆ ಎಂದು ನಮ್ಮೂರು ಸಾಂಬ್ರಾಣಿಯ ಜನ ಹೇಳುವುದನ್ನು ನಾನು ಒಪ್ಪುವುದಿಲ್ಲ. ಹುಚ್ಚು ಹಿಡಿದವರು ಆಗಾಗ ಸುಮ್ಮನೆ ಕೂರುವುದಾದರೂ ಉಂಟು. ನಮ್ಮ ಮಾವ ಕೂರುವುದಿಲ್ಲ. ಅವನ ಮನೆಯಲ್ಲಿ ಎಮ್ಮೆ ಅಂಗಳದಲ್ಲಿದೆ, ಕೊಟ್ಟಿಗೆಯಲ್ಲಿ ವಿಮಾನವಿದೆ. ಹೌದು, ವಿಮಾನವೇ! ಇಬ್ಬರು ಕೂರಬಹುದಾದ, ಫೈಬರ್ ಮೈಯ, ಇನ್ನೂ ಒಮ್ಮೆಯೂ ನೆಲ ಬಿಡದ ವಿಮಾನ.

ಮಾವ ಮೂಲತಃ ಕಬ್ಬು ಬೆಳೆಯುವವನು. ದಾಂಡೇಲಿಯಲ್ಲಿ ಪ್ರವಾಸಿಗರ ಫೈಬರ್ ದೋಣಿಗಳು ಕಾಳಿ ನದಿಯ ಬಂಡೆಗೆ ಬಡಿದು ಒಡೆದಾಗ ತೇಪೆ ಹಾಕುವುದನ್ನು ಕಲಿತ. ಆ ವಿದ್ಯೆ ಕಲಿತವರು ಹೆಚ್ಚೆಂದರೆ ಇನ್ನೊಂದು ದೋಣಿ ಮಾಡಿಯಾರು. ಇವನಿಗೆ ಅದಕ್ಕೆ ರೆಕ್ಕೆ ಹಚ್ಚಿದರೆ ಹೇಗೆ ಅನಿಸಿತು! ಊರು ಬಿಟ್ಟು ಹೋಗಿ ಹಾರಿಸುವುದನ್ನು ಕಲಿತು, ಲೈಸೆನ್ಸು ಹಿಡಿದು ಬಂದ ಮೇಲಂತೂ ಅವನನ್ನು ತಡೆಯುವವರೇ ಇಲ್ಲ.

ತಡೆಯಲು ನೋಡಿದವಳು ಅತ್ತೆ ಒಬ್ಬಳೇ. ಅವಳ ಅಣ್ಣ ಕಬ್ಬಿನ ಟ್ರ್ಯಾಕ್ಟರ್ ಉರುಳಿ ತೀರಿಹೋದವನು. ಇನ್ನು ಗಂಡ ಆಕಾಶದಿಂದ ಬೀಳುವುದನ್ನು ನೋಡಲಾರೆ ಎಂದು ಅತ್ತೂ ನೋಡಿದಳು, ಜಗಳವಾಡಿಯೂ ನೋಡಿದಳು. ಕೊನೆಗೆ ಈ ವಿಮಾನ ಮೇಲೇಳದಿದ್ದರೆ ಉಳವಿಗೆ ನಡೆದು ಬರುತ್ತೇನೆಂದು ಚನ್ನಬಸವಣ್ಣನಿಗೆ ಹರಕೆ ಹೊತ್ತಳು. ಮಾವ ಹೆಂಡತಿಯ ಹರಕೆ ಕೇಳಿ, ನಡೆಯುವುದೇಕೆ, ವಿಮಾನದಲ್ಲೇ ಕರೆದೊಯ್ಯುತ್ತೇನೆ ಎಂದ.

ವಿಮಾನದ ವಿಶೇಷ ಪೆಟ್ರೋಲು ನಮ್ಮ ಕಡೆ ಸಿಗುವುದಿಲ್ಲ. ಮಾವನ ಎಂಜಿನ್ ಮಾತ್ರ ಬೈಕಿನ ಪೆಟ್ರೋಲನ್ನೂ ಕುಡಿಯುವ ಜಾತಿಯದು. ಹಾಗಾಗಿ ಎಂಜಿನ್ನಿನ ಚಿಂತೆಯಿರಲಿಲ್ಲ, ಟ್ಯಾಂಕಿನ ಚಿಂತೆಯಿತ್ತು. ರೆಕ್ಕೆಯೊಳಗಿನ ಟ್ಯಾಂಕನ್ನು ಅವನು ದೋಣಿಯಂತೆಯೇ ಗಾಜಿನ ನಾರು, ಅಂಟು ಸೇರಿಸಿ ಕಟ್ಟಿದ್ದ. ಈಗಿನ ಪೆಟ್ರೋಲಿಗೆ ಸ್ಪಿರಿಟ್ ಬೆರೆಸುತ್ತಾರೆ, ಅದು ಕೆಲವು ಅಂಟುಗಳನ್ನು ಮೆತ್ತಗೆ ಮಾಡುತ್ತದೆ ಎಂದು ಯಾರೋ ಕಿವಿಗೆ ಹಾಕಿದರು. ಅಂಟು ಎದ್ದು ಎಂಜಿನ್ನಿಗೆ ಹೋಯಿತೋ, ನಡು ಆಕಾಶದಲ್ಲಿ ಎಂಜಿನ್ ಬಂದ್!

ಮಾವ ಯಾರ ಮಾತನ್ನಾದರೂ ಸುಮ್ಮನೆ ನಂಬುವವನೇ? ಹಳಿಯಾಳದ ಒಂದು ಬಂಕಿನಲ್ಲಿ ಬೈಕಿಗೆ ಪೆಟ್ರೋಲು ಹಾಕಿಸಿ, ಹೊರಗೆ ಬೇಲಿಯ ಬಳಿ ನಿಂತು, ಬೈಕಿನಿಂದಲೇ ಬಾಟಲಿಗೆ ಬಗ್ಗಿಸಿ, ನೀರು ಸೇರಿಸಿ ಕುಲುಕಿದ. ಸ್ಪಿರಿಟ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಸೇರಿತು, ತಳದ ನೀರು ಹೆಚ್ಚಾದಂತೆ ಕಂಡಿತು. ‘ಸ್ಪಿರಿಟ್ ಐತಿ’ ಎಂದು ಮಾವ ಸಂತೋಷದಿಂದ ಕೂಗಿದ್ದೇ ತಡ, ಸರದಿಯಲ್ಲಿದ್ದ ಇಬ್ಬರು ತಮ್ಮ ಬೈಕಿನ ಟ್ಯಾಂಕಿಗೆ ಮೂಗು ಹಚ್ಚಿದರು! ಬಂಕಿನ ಮ್ಯಾನೇಜರ್ ಓಡಿಬಂದು, ಇದು ಸರ್ಕಾರವೇ ಹಾಕಿಸುವುದು, ಕಬ್ಬಿನಿಂದ ಮಾಡಿದ್ದು ಎಂದು ಸಮಾಧಾನ ಹೇಳಿದ. ಕಬ್ಬು! ಮಾವ ಅಲ್ಲೇ ನಿಂತು ತನ್ನ ಹೊಲದ ದಿಕ್ಕಿಗೆ ತಿರುಗಿ ನೋಡಿದನಂತೆ. ಬೆಳೆದವನ ಟ್ಯಾಂಕಿಗೇ ಬೆಳೆ ಬಾಯಿ ಹಾಕಲು ಹೊರಟಿತ್ತು.

ಮನೆಗೆ ಬಂದವನೇ ಅತ್ತೆಯ ಉಪ್ಪಿನಕಾಯಿ ಭರಣಿ ತೊಳೆದು ಒರೆಸಿ, ಅದರ ತುಂಬ ಪೆಟ್ರೋಲು ಸುರಿದು, ಟ್ಯಾಂಕ್ ಕಟ್ಟುವಾಗ ಉಳಿದಿದ್ದ ಒಂದು ತುಂಡನ್ನು ಮುಳುಗಿಸಿ ಹಿತ್ತಿಲಿನಲ್ಲಿಟ್ಟ. ಆಮೇಲೆ ಮಾಡಿದ್ದೇ ವಿಚಿತ್ರ. ತುಂಡು ಗಟ್ಟಿಯಿದೆಯೋ ಮೆತ್ತಗಾಯಿತೋ ಎಂದು ಉಗುರು ಒತ್ತಿ ನೋಡುವ ಕೆಲಸವನ್ನು ಅತ್ತೆಗೇ ಒಪ್ಪಿಸಿದ! ವಿಮಾನ ಹಾರದಿರಲಿ ಎಂದು ಹರಕೆ ಹೊತ್ತವಳಿಗೆ! ನಾನು ಕಾರಣ ಕೇಳಿದೆ.

‘ಕಟ್ಟಿದಾಂವ ಒತ್ತಿದ್ರ ಉಗುರು ಮೆಲ್ಲಕ ಬೀಳ್ತೈತಿ’ ಎಂದ. ‘ಬ್ಯಾಡ ಅನ್ನಾಕಿನ ಒತ್ತಬೇಕು.’

ಮಳೆಗಾಲ ಮುಗಿಯುವ ಹೊತ್ತಿಗೆ ಆ ತುಂಡು ಮೆತ್ತಗಾಯಿತು. ಅತ್ತೆ ಹೇಳಿದಳು, ಮಾವ ಮುಟ್ಟಿಯೂ ನೋಡದೆ ಎರಡೂ ರೆಕ್ಕೆ ಕೊಯ್ದು ಟ್ಯಾಂಕ್ ಕಿತ್ತು ಹಾಕಿದ. ಅತ್ತೆ ಅವತ್ತು ಹೋಳಿಗೆ ಮಾಡಿದಳು. ಮಾವ ಎಲ್ಲರಿಗಿಂತ ಹೆಚ್ಚು ತಿಂದ, ಸ್ಪಿರಿಟ್‌ಗೆ ಜಗ್ಗದ ಬೇರೆ ಜಾತಿಯ ಅಂಟು ತರಿಸಿ ಹೊಸ ಟ್ಯಾಂಕ್ ಕಟ್ಟಿದ. ಮತ್ತೆ ಭರಣಿ, ಮತ್ತೆ ಹೊಸ ತುಂಡು. ಈ ಸಲ ಇಡೀ ವರ್ಷ ಮುಳುಗಿಸಿಟ್ಟ. ವಿಮಾನಕ್ಕೆ ಹಾರುವ ಪರವಾನಗಿ ಕೊಡಲು ಬರುವ ಅಧಿಕಾರಿಗಳಿಗೆ ಅತ್ತೆಯ ತೀರ್ಪು ಬಂದ ಮೇಲೆಯೇ ಫೋನು ಮಾಡುವುದೆಂದೂ ತೀರ್ಮಾನಿಸಿದ.

ಕೊನೆಯ ಸಲ ನೋಡುವ ದಿನ ಮಾವನ ಜೊತೆ ನಾನೂ ಹಿತ್ತಿಲಿನಲ್ಲಿದ್ದೆ. ಅತ್ತೆ ತುಂಡು ತೆಗೆದು ಒರೆಸಿ ಹೆಬ್ಬೆರಳ ಉಗುರಿನಿಂದ ಒತ್ತಿದಳು. ಮಗ್ಗುಲು ಬದಲಿಸಿ ಮತ್ತೆ ಒತ್ತಿದಳು. ಮೆತ್ತಗಾಗಿದೆ ಎಂದರೆ ಮುಗಿಯಿತು, ಗಂಡ ಸಾಯುವತನಕ ನೆಲದ ಮೇಲಿರುತ್ತಾನೆ. ಇನ್ನೊಂದು ಟ್ಯಾಂಕ್ ಕಟ್ಟುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು. ನಿಜ ಹೇಳುತ್ತೇನೆ, ಒಂದು ಸುಳ್ಳು ಹೇಳಿಬಿಡು ಅತ್ತೆ ಎಂದು ನಾನೂ ಮನಸ್ಸಿನಲ್ಲಿ ಬೇಡಿಕೊಂಡೆ.

‘ಗಟ್ಟಿ ಐತ್ರಿ’ ಎಂದಳು ಅತ್ತೆ. ‘ಉಗುರು ಇಳೀವಲ್ದು.’

ಮಾವ ತಲೆಯಾಡಿಸಿ ಫೋನು ಹುಡುಕಲು ಒಳಗೆ ಹೋದ. ಸುಳ್ಳು ಹೇಳಬೇಕು ಅನಿಸಲಿಲ್ಲವೇ ಎಂದು ನಾನು ಅತ್ತೆಯನ್ನು ಕೇಳಿದೆ.

‘ಬಾಯಿತನಕ ಬಂದಿತ್ತವಾ’ ಎಂದಳು. ‘ಆದ್ರ ಅವ್ರು ತುಂಡು ನೋಡ್ಲೇ ಇಲ್ಲ. ನನ್ನ ಮಾರಿ ನೋಡಕೋತ ನಿಂತಿದ್ರು. ಅಷ್ಟು ನಂಬಿದವ್ರಿಗೆ ಹೆಂಗ ಹೇಳ್ಲಿ?’

ಬೆರಳಿಗೆಲ್ಲ ಪೆಟ್ರೋಲಾಗಿತ್ತು. ಅತ್ತೆ ಮೊಣಕೈ ಎತ್ತಿ ಕಣ್ಣು ಒರೆಸಿಕೊಂಡಳು.