ಯಾರ ದಡದ ಕಳೆ?

ಬೆಳಗ್ಗೆ ಶೆಡ್ಡಿನ ಬಾಗಿಲು ತೆಗೆದ ದೋಣಿ ರಿಪೇರಿಯವನಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ. ಬೇಡದ ನೆಂಟರಂತೆ ಅವನ ದಡಕ್ಕೆ ಅಂಟಿಕೊಂಡಿದ್ದ ಕೆರೆಯ ಕಳೆ ಅಂತರಗಂಗೆ, ರಾತ್ರಿಯ ಗಾಳಿಗೆ ಇಡಿಯಾಗಿ ತೇಲಿ ಎದುರು ದಡ ಸೇರಿತ್ತು. ಅಲ್ಲಿರುವುದು ಅಕ್ಕನ ಗಂಡನ ಸಸಿ ತೋಟ. ಇವನ ದೋಣಿಗಳು ನೀರಿಗಿಳಿಯದೆ ಒಣಗುತ್ತಿದ್ದಾಗ, "ನಿನ್ನ ದಡದ ಕಳೆ, ನೀನೇ ಕೀಳು" ಎಂದು ಹಲ್ಲು ಕಿರಿದಿದ್ದ ಭಾವ!

"ಈಗ ಕೀಳು ಮಗನೇ!"

ಮಧ್ಯಾಹ್ನ ಕೆರೆ ಸಂಘದ ಸಭೆಯಿತ್ತು. ಕಳೆ ಯಾರ ದಡದಲ್ಲಿದೆಯೋ ಅವರೇ ಕೀಳಬೇಕು ಎಂಬ ನಿರ್ಣಯವನ್ನು ಗಾಳಿ ತಿರುಗುವ ಮೊದಲೇ ಮಾಡಿಸಿಬಿಡಬೇಕು. ನಾಳೆ ದೊಡ್ಡ ದೋಣಿ ನೀರಿಗಿಳಿಯದಿದ್ದರೆ ಬೇರೆ ರಿಪೇರಿಯವನನ್ನು ನೋಡಿಕೊಳ್ಳುತ್ತೇನೆ ಎಂದು ಅದರ ಯಜಮಾನ ಆಗಲೇ ಗದರಿಸಿ ಹೋಗಿದ್ದ.

ಸಭೆ ಶುರುವಾಯಿತು.

"ವಿಷ ಹೊಡೆಸೋಣ" ಎಂದ ಔಷಧಿ ಅಂಗಡಿಯವ.

"ಮೀನು ಸತ್ರೆ ನಿಮ್ಮಪ್ಪ ತಂದ್ಕೊಡ್ತಾನಾ?" ಮೀನು ಮಾರುವವಳು ಎಗರಿದಳು.

"ಎಲೆ ತಿನ್ನೋ ಹುಳ ಬಿಡ್ಬಹುದು" ಎಂದರು ಮೇಷ್ಟ್ರು.

"ಎಲೆ ಮುಗಿದ್ಮೇಲೆ ಏನು ತಿಂತವೆ, ನಿಮ್ ತಲೇನಾ?" ಮತ್ತೆ ಮೀನಿನವಳೇ.

ರಿಪೇರಿಯವನು ಮೇಜು ಗುದ್ದಿದ. "ಕೈ ಹಾಕಿ ಕೀಳ್ರೀ! ಯಾರ ದಡದಲ್ಲಿದೆಯೋ ಅವ್ರೇ ಕೀಳ್ಲಿ! ಈಗ್ಲೇ ಬರ್ಕೊಳ್ಳಿ!"

ಅಧ್ಯಕ್ಷೆ ಪೆನ್ನಿನ ಮುಚ್ಚಳ ತೆಗೆದರು. ಕೆಲಸ ಮುಗಿದೇಹೋಗಿತ್ತು. ಆಗ ಕೆರೆ ಕಡೆಯ ಕಿಟಕಿಯ ಪಕ್ಕ ಕುಳಿತಿದ್ದ ಭಾವ ಮೆಲ್ಲಗೆ ಹೇಳಿದ, "ಹುಡುಗ ಪಾಪ, ಕೂಗ್ತಾನೆ ಅಷ್ಟೆ. ಈ ಗಿಡದ ಬಗ್ಗೆ ಅವನಿಗೇನೂ ಗೊತ್ತಿಲ್ಲ."

ಅಷ್ಟು ಸಾಕಾಯಿತು. ತಲೆ ನರೆತ 'ಹುಡುಗ' ಒಲೆಯ ಮೇಲಿನ ಎಸರಿನಂತೆ ಕುದಿದ. ಒಂದು ಗಿಡ ಹೇಗೆ ಕೆರೆಯನ್ನೇ ನುಂಗುತ್ತದೆ, ಯಾರ ಮನೆಯ ಮೋರಿ ಅದಕ್ಕೆ ಊಟ ಹಾಕುತ್ತಿದೆ, ಸಸಿ ತೋಟದವರ ಗೊಬ್ಬರ ಎಲ್ಲಿಗೆ ಹರಿಯುತ್ತದೆ, ಎಲ್ಲವನ್ನೂ ಝಾಡಿಸಿದ. ಅಕ್ಕನ ಮದುವೆಯಲ್ಲಿ ಭಾವ ಚಪ್ಪಲಿಗಾಗಿ ತೆಗೆದ ರಗಳೆಯೂ ಹೊರಬಂತು. ಅಧ್ಯಕ್ಷೆ ಕೈಯೆತ್ತಿದರೆ, "ನೀವು ಸುಮ್ನಿರಿ!" ಎಂದ. ಗಂಟಲು ಕಟ್ಟಿ ನಿಲ್ಲಿಸಿದಾಗಲೆಲ್ಲ ಭಾವ, "ನಿಧಾನ ಕಣೋ, ಬಿಪಿ ಏರುತ್ತೆ" ಎಂದು ಕೆಣಕಿ, ಕಿಟಕಿಯ ಪರದೆಯತ್ತ ನೋಡುತ್ತಿದ್ದ.

ಹೊರಕ್ಕೆ ಹಾರುತ್ತಿದ್ದ ಪರದೆ ಬರಬರುತ್ತ ಜೋತುಬಿತ್ತು. ಆಮೇಲೆ ಒಳಕ್ಕೆ ಉಬ್ಬಿತು. ಅದು ಚೆನ್ನಾಗಿ ಉಬ್ಬಿ ನಿಂತ ಮೇಲೆ ಭಾವ ಎದ್ದ.

"ಒಪ್ಪಿದೆ. ಸಭೆ ಮುಗಿದ್ಮೇಲೆ ಎಲ್ರೂ ಹೋಗಿ ನೋಡೋಣ. ಯಾರ ದಡದಲ್ಲಿದೆಯೋ ಅವ್ರೇ ಕೀಳ್ಲಿ."

"ಹಾಂ! ಈಗ ಬಂತಾ ಬುದ್ಧಿ?" ರಿಪೇರಿಯವನೇ ಎಲ್ಲರಿಗಿಂತ ಮೊದಲು ಕೈಯೆತ್ತಿದ.

ಎದೆಯುಬ್ಬಿಸಿ ಹೊರಬಂದವನು ಮೆಟ್ಟಿಲ ಮೇಲೇ ನಿಂತುಬಿಟ್ಟ. ಇಡೀ ಹಸಿರು ಹಾಸು, ನೇರಳೆ ಹೂಗಳ ಸಮೇತ, ಅವನ ಶೆಡ್ಡಿನ ಮುಂದೆ ತೂಗಾಡುತ್ತಿತ್ತು.

ಭಾವ ಅವನ ಹೆಗಲ ಮೇಲೆ ಕೈಯಿಟ್ಟ. "ಎಂಥಾ ಭಾಷಣ ಕಣೋ! ಗಾಳಿ ತಿರುಗೋವರೆಗೂ ಬಾಯಿ ಮುಚ್ಲೇ ಇಲ್ವಲ್ಲ."