ಚಿಕ್ಕಮ್ಮನ ಗೋಬರ್ ಗ್ಯಾಸು

ಕವಲಂದೆಯ ನನ್ನ ಚಿಕ್ಕಮ್ಮನ ಮನೆಗೆ ನೀವು ಹೋದರೆ ಕಾಫಿ ಸಿಕ್ಕೇ ಸಿಗುತ್ತದೆ. ಎಮ್ಮೆ ಹೊಡೆದುಕೊಂಡು ಹೋದರಂತೂ ರಾತ್ರಿ ಉಳಿದು ಹೋಗಲೇಬೇಕೆಂದು ಒತ್ತಾಯ ಮಾಡುತ್ತಾಳೆ. ಒತ್ತಾಯ ನಿಮಗಲ್ಲ, ಎಮ್ಮೆಗೆ!

ಹಿತ್ತಲಲ್ಲಿ ಗೋಬರ್ ಗ್ಯಾಸಿನ ಗುಂಡಿ ಕಟ್ಟಿಸಿದಾಗಿನಿಂದ ಅವಳು ಹೀಗೆ. ಸಗಣಿ ಕಲಸಿ ಸುರಿದರೆ ಒಲೆಯಲ್ಲಿ ನೀಲಿ ಉರಿ ಬರುವುದನ್ನು ಕಣ್ಣಾರೆ ಕಂಡ ಮೇಲೆ, ದಾರಿಯಲ್ಲಿ ಬಿದ್ದ ಸಗಣಿಯನ್ನು ಸುಮ್ಮನೆ ದಾಟಿ ಹೋಗುವುದು ಅವಳಿಂದ ಆಗದು. ರೇಷ್ಮೆ ಸೀರೆ ಉಟ್ಟು ಮದುವೆಗೆ ಹೊರಟಿದ್ದರೂ ಅಷ್ಟೇ.

ನನಗೆ ಬನ್ನೂರಿನಿಂದ ಗಂಡು ಬಂದಾಗ ಮನೆಯವರೆಲ್ಲ ಹುಡುಗನ ಓದು, ಕೆಲಸ ವಿಚಾರಿಸಿದರು. ಚಿಕ್ಕಮ್ಮ ಕೇಳಿದ್ದು ಒಂದೇ.

"ದನ ಎಷ್ಟವೆ?"

"ಎಲ್ಲಾ ಮಾರ್ಬುಟ್ಟು ಟ್ರ್ಯಾಕ್ಟ್ರು ತಕಂಡೋ ಕಣಮ್ಮ," ಎಂದರು ಹುಡುಗನ ತಂದೆ, ಹೆಮ್ಮೆಯಿಂದ.

"ಟ್ರ್ಯಾಕ್ಟ್ರು ಸಗಣಿ ಆಕ್ತದಾ?"

ಸಂಬಂಧ ಅಲ್ಲಿಗೇ ಮುರಿಯಿತು. ನಾನೀಗ ಜೋಡಿ ಜರ್ಸಿ ಹಸುಗಳಿರುವ ಮನೆಯ ಸೊಸೆ.

ಪಕ್ಕದ ಮನೆಯ ಸಾಕಮ್ಮನ ಜೊತೆ ಚಿಕ್ಕಮ್ಮನ ಜಗಳವಂತೂ ನಿತ್ಯದ್ದು. ಸಾಕಮ್ಮನ ಎಮ್ಮೆ ಬೆಳಗ್ಗೆ ಎದ್ದು ಚಿಕ್ಕಮ್ಮನ ಬಾಗಿಲಿಗೇ ಬಂದು ಸಗಣಿ ಹಾಕುತ್ತಿತ್ತು.

"ಎಮ್ಮೆ ನಂದು ಕಣಕ್ಕ, ಸಗಣಿ ಕೊಡು."

"ಎಮ್ಮೆ ನಿಂದೇಯ. ಬಿದ್ದಿರೋ ಜಾಗ ಯಾರ್ದು?"

ಈ ನ್ಯಾಯ ತೀರ್ಮಾನವಾಗುವಷ್ಟರಲ್ಲಿ ಸಗಣಿ ಗುಂಡಿ ಸೇರಿರುತ್ತಿತ್ತು.

ಕಳೆದ ಮಳೆಗಾಲದಲ್ಲಿ ಸಾಕಮ್ಮನಿಗೆ ಕಣ್ಣಿನ ಆಪರೇಷನ್ ಆಯಿತು. ಒಂಟಿ ಹೆಂಗಸು. ಹೊಗೆ ತಾಗಬಾರದೆಂದು ಡಾಕ್ಟರು ಹೇಳಿದ್ದರೂ ಹಸಿ ಸೌದೆ ಊದುತ್ತ ಒಲೆ ಮುಂದೆ ಕೂತಿದ್ದಳು. ಅದನ್ನು ನೋಡಿದ ಚಿಕ್ಕಮ್ಮ ಗಾರೆಯವನನ್ನು ಕರೆಸಿದಳು. ನಡುಗೋಡೆಗೆ ತೂತು ಹೊಡೆಸಿ ತನ್ನ ಗ್ಯಾಸಿನ ಪೈಪನ್ನು ಅವಳ ಅಡುಗೆಮನೆಗೂ ಎಳೆಸಿದಳು. ಕೇಳಿದವರಿಗೆಲ್ಲ ಕೊಟ್ಟ ಕಾರಣ ಮಾತ್ರ ಬೇರೆ:

"ಇನ್ಮ್ಯಾಕೆ ಅವ್ಳ ಎಮ್ಮೆ ಸಗಣಿ ಬ್ಯಾರೆ ಎಲ್ಗೂ ಓಗಲ್ಲ, ಅದ್ಕೇಯ."

ಮೊನ್ನೆ ಚಳಿಗಾಲದಲ್ಲಿ ನಾನು ಹೋಗಿದ್ದೆ. ಚಳಿಗೆ ಗ್ಯಾಸು ಕಡಿಮೆ ಹುಟ್ಟುತ್ತದೆ. ಎರಡೂ ಮನೆಯ ಒಲೆ ಒಟ್ಟಿಗೆ ಹಚ್ಚಿದರೆ ಎರಡರ ಉರಿಯೂ ಸಣಕಲು. ಹೊತ್ತು ಇಳಿಯುತ್ತಿದ್ದರೂ ಚಿಕ್ಕಮ್ಮನ ಒಲೆ ಹತ್ತಿರಲಿಲ್ಲ. ತೊಳೆದಿಟ್ಟ ಅಕ್ಕಿಯನ್ನು ಮುಂದಿಟ್ಟುಕೊಂಡು ಅವಳು ಗೋಡೆಗೆ ಒರಗಿ ಕೂತಿದ್ದಳು.

ಗೋಡೆಯಾಚೆಯಿಂದ ಸಾಕಮ್ಮನ ದನಿ ಬಂತು. "ಅಕ್ಕಾ, ಅನ್ನ ಆಯ್ತು, ಸಾರಿಗೆ ವಸಿ ಒತ್ತಾಯ್ತದೆ. ಒಲೆ ಆರಿಸ್ಲಾ? ನೀನು ಅಚ್ಕೋತೀಯಾ?"

"ನಂದು ಆಗ್ಲೇ ಉಂಡಾಯ್ತು ಕಣವ್ವ. ನೀನು ನಿದಾನ್ಕೆ ಮಾಡ್ಕೊ."

ಹಾಗೆಂದವಳು ನನ್ನ ಕಡೆ ತಿರುಗಿ, ಸುಮ್ಮನಿರು ಎಂಬಂತೆ ತುಟಿಯ ಮೇಲೆ ಬೆರಳಿಟ್ಟಳು.