ಮದುಮಗನ ಕೈಗೆ ಫ್ರೆಂಚ್ ಚಾಕು

ಪತ್ರಿಕಾ ಕಚೇರಿಯಲ್ಲಿ ವರ್ಷಗಟ್ಟಲೆ ದುಡಿದವನು ಸುಲಭಕ್ಕೆ ಗಾಬರಿಯಾಗುವುದಿಲ್ಲ. ಅಕ್ಕನ ಮಗ ಮಂಜುನ ಮದುವೆಗೆ ಲಕ್ಷ್ಮೇಶ್ವರ ತಲುಪಿದ ಮೇಲೆ, ಮದುಮಗ ಹಿಡಿಯಬೇಕಾದ ಕಟಾರಿ ಗದಗಿನ ಮನೆಯಲ್ಲೇ ಉಳಿದಿದೆ ಎಂದು ಗೊತ್ತಾದಾಗಲೂ ನಾನು ಗಾಬರಿಯಾಗಲಿಲ್ಲ.

ಅಕ್ಕ ಗಾಬರಿಯಾದಳು. "ನಿಂಬಿಹಣ್ಣು ಚುಚ್ಚಿದ ಕಟಾರಿ ಕೈಯಾಗ ಇರಲಿಲ್ಲಂದ್ರ ಹುಡುಗಗ ದೃಷ್ಟಿ ತಾಗತೈತೋ ತಮ್ಮಾ! ಮುಹೂರ್ತ ಬ್ಯಾರೆ ಬಂತು!"

"ಸುಮ್ನಿರಕ್ಕಾ, ನನ್ನ ಹತ್ರ ಐತಿ" ಎಂದು ಜೇಬಿನಿಂದ ನನ್ನ ಫ್ರೆಂಚ್ ಮಡಚುವ ಚಾಕು ತೆಗೆದೆ.

"ಇದರಾಗ ನೀ ಸೌತಿಕಾಯಿ ಹೆಚ್ಚತಿಯಲ್ಲೋ!"

"ಇದರ ಇತಿಹಾಸ ಗೊತ್ತೇನು ನಿನಗ?"

ಗೊತ್ತಿರಲಿಲ್ಲ. ಬೇಕಾಗಿಯೂ ಇರಲಿಲ್ಲ. ಆದರೂ ಹೇಳಿದೆ. ಆಲ್ಪ್ಸ್ ಬೆಟ್ಟಸೀಮೆಯ ಕಮ್ಮಾರನ ಮಗನೊಬ್ಬ ನೂರು ವರ್ಷಕ್ಕೂ ಹಿಂದೆ ಮಾಡಿದ್ದು. ಮರದ ಹಿಡಿ, ಉಕ್ಕಿನ ಅಲಗು, ರೈತರ ಜೇಬಿನ ಸಂಗಾತಿ. ಅಷ್ಟರಲ್ಲಿ ಅಂತರಪಟ ಹಿಡಿದರು. ಆಚೆ ಮದುಮಗಳು, ಈಚೆ ನಿಂಬೆಹಣ್ಣು ಚುಚ್ಚಿದ ನನ್ನ ಚಾಕು ಹಿಡಿದ ಮಂಜು, ಅವನ ಕಿವಿಗೆ ಅಂಟಿಕೊಂಡು ನಾನು.

"ಮೊದಲು ಇದು ಹಿಡದಾಗನ ಮಡಚಿಬಿಡ್ತಿತ್ತು. ಬೆರಳು ಹೋಗೂ ಮಾತು! ಆಮ್ಯಾಲ ಹಿಡಿಗೆ ಉಂಗುರದಂಥಾ ಈ ಕಬ್ಬಿಣದ ಬಳಿ ಹಾಕಿದ್ರು. ತಿರುಗಿಸಿದ್ರ ಆತು, ಏನ್ ಮಾಡಿದ್ರೂ ಮಡಚಂಗಿಲ್ಲ."

"ಮಾಮಾ, ಮಂತ್ರ ಕೇಳವಲ್ದು" ಎಂದ ಮಂಜು.

"ಸ್ವಲ್ಪ ಮ್ಯಾಲ ಹಿಡೀರಿ" ಎಂದ ಫೋಟೋಗ್ರಾಫರ್. ಮಂಜು ಕೈ ಎತ್ತಿದ. ನಿಂಬೆಹಣ್ಣು ಬಾಸಿಂಗಕ್ಕೆ ತಾಗಿತು. ಚಾಕು ಟಪ್ಪೆಂದು ಮಡಚಿಕೊಂಡಿತು!

ಬೆರಳು ಸ್ವಲ್ಪದರಲ್ಲಿ ಉಳಿಯಿತು. ನಿಂಬೆಹಣ್ಣು ಉರುಳಿ ಅಂತರಪಟದ ಆಚೆ ಹೋಯಿತು. ಮಂತ್ರ ನಿಂತಿತು.

"ಅಪಶಕುನ ಆತಲ್ಲೋ!" ಅಕ್ಕ ಎದೆ ಹಿಡಿದುಕೊಂಡಳು.

ನಾನು ಅತ್ಯಂತ ಶಾಂತಚಿತ್ತದಿಂದ ಅಲಗನ್ನು ಬಿಡಿಸಿದೆ. ಅದು ಅಷ್ಟೇ ಶಾಂತವಾಗಿ ಮತ್ತೆ ಮಡಚಿತು. ಇನ್ನೊಮ್ಮೆ ಬಿಡಿಸಿದೆ. ಇನ್ನೊಮ್ಮೆ ಮಡಚಿತು. ಜನ ಎದ್ದು ನಿಂತು ನೋಡತೊಡಗಿದರು.

ಆಗ ಅಂತರಪಟದ ಕೆಳಗಿನಿಂದ ಮೆಹಂದಿ ಹಚ್ಚಿದ ಕೈಯೊಂದು ನಿಂಬೆಹಣ್ಣನ್ನು ಈಚೆ ನೀಡಿತು. "ಮಾವಾರ, ಬಳಿ ತಿರುಗಸ್ರಿ. ಈಗಷ್ಟ ನೀವ ಹೇಳಿದ್ರಲ್ಲಾ?"

ಮಂಟಪವೆಲ್ಲ ನಕ್ಕಿತು. ಕೊನೆಗೆ ಅಕ್ಕನೂ ನಕ್ಕಳು. "ಇಂಥಾ ಶಾಣ್ಯಾ ಸೊಸಿ ಬಂದ್ಲಂದ್ರ ಎಲ್ಲೀ ಅಪಶಕುನ?" ಎಂದು ಕಣ್ಣೊರೆಸಿಕೊಂಡಳು. ನಾನು ಬಳೆ ತಿರುಗಿಸಿದೆ. ಚಾಕು ನೆಟ್ಟಗೆ ನಿಂತಿತು.

ಅಕ್ಕ ನನ್ನನ್ನು ಹಿಂದಕ್ಕೆ ಎಳೆದು ಅಂಗೈಗೆ ಅಕ್ಷತೆಯ ಅಕ್ಕಿಕಾಳು ಸುರಿದಳು. "ಇದರ ಇತಿಹಾಸ ಹೇಳಬ್ಯಾಡ. ತಾಳಿ ಕಟ್ಟುವಾಗ ಒಗಿ, ಅಷ್ಟ ಸಾಕು."

ಎಷ್ಟು ಸರಳ ಕೆಲಸ! ಆದರೆ ಕೈ ತಡೆಯಲಿಲ್ಲ. ಡೋಲಿನ ಮೊದಲ ಪೆಟ್ಟಿಗೇ ಒಗೆದೆ. ನನ್ನನ್ನು ನೋಡಿ ಇಡೀ ಮಂಟಪ ಒಗೆಯಿತು.

ತಾಳಿ ಇನ್ನೂ ತಟ್ಟೆಯಲ್ಲೇ ಇತ್ತು!